ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೆ: ಆಸ್ಪತ್ರೆಯ ಕಂಪ್ಯೂಟರ್ ದಾಖಲೆ ಸರಿಯಾಗಿ, ಭದ್ರವಾಗಿ ಇಡುವ ಬಗೆ

ತಾಲ್ಲೂಕು ಊರಿನ ಒಂದು ನರ್ಸಿಂಗ್ ಹೋಂನ ರೆಕಾರ್ಡ್ ವಿಭಾಗದಲ್ಲಿ ನಾನು ಕೆಲಸಕ್ಕಿದ್ದಾಗ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರು. ಇಬ್ಬರಿಗೂ ಅರವತ್ತರ ಆಸುಪಾಸು. ಇಬ್ಬರಿಗೂ ಸಕ್ಕರೆ ಕಾಯಿಲೆ. ಒಬ್ಬರ ಶುಗರ್ ರಿಪೋರ್ಟ್ ಇನ್ನೊಬ್ಬರ ಫೈಲಿಗೆ ಹೋಯಿತು. ಡ್ಯೂಟಿ ಡಾಕ್ಟರ್ ಪರದೆ ನೋಡಿ ಇನ್ಸುಲಿನ್ ಜಾಸ್ತಿ ಬರೆದರು. ರಾತ್ರಿ ಪಾಳಿಯ ಸಿಸ್ಟರ್ ಇಂಜೆಕ್ಷನ್ ಕೊಡುವ ಮುಂಚೆ ಯಾಕೋ ಇರಲಿ ಅಂತ ಗ್ಲುಕೋಮೀಟರ್ ಹಾಕಿ ನೋಡಿದರು, ಅಲ್ಲಿಗೆ ತಪ್ಪು ಹೊರಬಿತ್ತು. ಅವರು ನೋಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಆ ಡಾಕ್ಟರ್ ತಪ್ಪು ಮಾಡಲಿಲ್ಲ. ಕಂಪ್ಯೂಟರ್ ತೋರಿಸಿದ್ದನ್ನು ನಂಬಿದರು, ಅಷ್ಟೇ. ಕಾಗದದ ಮೇಲೆ ಗೀಚಿದ್ದು ಅರ್ಥವಾಗದಿದ್ದರೆ ನಾವು ಇನ್ನೊಬ್ಬರನ್ನು ಕೇಳುತ್ತೇವೆ. ಪರದೆಯ ಮೇಲೆ ಅಚ್ಚುಕಟ್ಟಾಗಿ ಟೈಪ್ ಆಗಿದ್ದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಕಂಪ್ಯೂಟರಿನಲ್ಲಿ ತಪ್ಪು ದಾಖಲೆ ಇರುವುದು ದಾಖಲೆಯೇ ಇಲ್ಲದಿರುವುದಕ್ಕಿಂತ ಅಪಾಯ.

ಹತ್ತರಿಂದ ಐವತ್ತು ಹಾಸಿಗೆಯ ಆಸ್ಪತ್ರೆ, ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್, ಇಂಥ ಕಡೆ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಇದಕ್ಕೇ ಬೇರೆ ತಂಡ ಇರುತ್ತದೆ. ನಮ್ಮಲ್ಲಿ ಕೌಂಟರಿನ ಹುಡುಗಿ, ಇಬ್ಬರು ಸಿಸ್ಟರ್‌ಗಳು, ಲ್ಯಾಬಿನವರು, ಡಾಕ್ಟರ್, ಇವರೇ ಎಲ್ಲ.

ಹೆಜ್ಜೆ 1: ಎಲ್ಲ ಶುರುವಾಗುವುದು ಕೌಂಟರಿನಲ್ಲಿ

ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಡಾಕ್ಟರ್ ಕೋಣೆಯಲ್ಲಿ ಹುಟ್ಟಿದವಲ್ಲ. ಓಪಿ ಚೀಟಿ ಮಾಡುವಾಗಲೇ ಹುಟ್ಟಿದವು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲನೆಯದು, ಹೆಸರನ್ನು ನೀವೇ ಹೇಳಿ ಕೇಳಬೇಡಿ. "ನಿಮ್ಮ ಹೆಸರು ಲಕ್ಷ್ಮಮ್ಮನಾ?" ಅಂದರೆ ಕಿವಿ ಮಂದವಾದ ಅಜ್ಜಿ ಯಾವುದಕ್ಕೂ "ಹೂಂ" ಅನ್ನುತ್ತಾರೆ. "ಹೆಸರೇನಮ್ಮ? ಯಾವೂರು?" ಅಂತ ಕೇಳಿ, ಅವರ ಬಾಯಿಂದಲೇ ಬರಲಿ. ವಾರ್ಡಿನಲ್ಲಿ ಮಾತ್ರೆ ಕೊಡುವಾಗಲೂ, ರಕ್ತ ತೆಗೆಯುವಾಗಲೂ ಇದೇ ರೀತಿ ಕೇಳಬೇಕು.

ಎರಡನೆಯದು, ಹೆಸರೊಂದನ್ನೇ ನಂಬಬೇಡಿ. ನಮ್ಮ ಕಡೆ ಒಂದು ಹೋಬಳಿಯಲ್ಲಿ ಎಷ್ಟು ಮಂಜುನಾಥ, ಎಷ್ಟು ಬಸವರಾಜ ಇರುತ್ತಾರೆ ಯೋಚಿಸಿ. ಅದರ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಂದೇ ಲಕ್ಷ್ಮಿಯನ್ನು ಮೂರು ಥರ ಬರೆಯುತ್ತೇವೆ. ಮಂಜುನಾಥನ ಕೊನೆಗೆ ಒಬ್ಬರು ಒಂದಕ್ಷರ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮದುವೆಯಾದ ಮೇಲೆ ಕೆಲವರ ಹೆಸರೇ ಬೇರೆ. ಹೀಗೆ ಒಬ್ಬರಿಗೇ ನಾಲ್ಕು ಫೈಲ್ ಆಗುತ್ತದೆ, ಹಳೆಯ ಅಲರ್ಜಿ ಒಂದು ಫೈಲಿನಲ್ಲಿ ಉಳಿದು ಇವತ್ತಿನ ಚೀಟಿ ಇನ್ನೊಂದರಲ್ಲಿ ಹೋಗುತ್ತದೆ. ಪರಿಹಾರ ಸುಲಭ: ಆಧಾರ್‌ನಲ್ಲೋ ವೋಟರ್ ಕಾರ್ಡಿನಲ್ಲೋ ಹೇಗಿದೆಯೋ ಹಾಗೇ ಬರೆಯಿರಿ, ಸಾಫ್ಟ್‌ವೇರ್ ಬಿಟ್ಟರೆ ಪಕ್ಕದಲ್ಲಿ ಕನ್ನಡದಲ್ಲೂ ಬರೆಯಿರಿ. ಹೊಸ ಫೈಲ್ ತೆರೆಯುವ ಮುಂಚೆ ಫೋನ್ ನಂಬರಿನಿಂದ ಒಮ್ಮೆ, ಹೆಸರಿನ ಮೊದಲ ನಾಲ್ಕು ಅಕ್ಷರದಿಂದ ಒಮ್ಮೆ, ಊರಿನಿಂದ ಒಮ್ಮೆ ಹುಡುಕಿ.

ಆದರೆ ಫೋನ್ ನಂಬರ್ ಗುರುತಲ್ಲ. ಮನೆಗೆಲ್ಲ ಒಂದೇ ನಂಬರ್ ಕೊಡುವವರು ಬಹಳ ಜನ. ಮಗನ ನಂಬರಿನಲ್ಲಿ ಅಪ್ಪ, ಅಮ್ಮ, ಸೊಸೆ, ಮೊಮ್ಮಗ ಎಲ್ಲರೂ ಇರುತ್ತಾರೆ. ಹುಟ್ಟಿದ ದಿನವೂ ಅಷ್ಟೇ. ವಯಸ್ಸಾದವರ ಆಧಾರ್‌ನಲ್ಲಿ ಎಷ್ಟೋ ಸಲ ಜನವರಿ 1 ಅಂತಲೇ ಇರುತ್ತದೆ, ಯಾಕೆಂದರೆ ನಿಜವಾದ ದಿನ ಯಾರಿಗೂ ಗೊತ್ತಿಲ್ಲ. ವಯಸ್ಸು ಅಂದಾಜು ಆದರೆ ಅಂದಾಜು ಅಂತಲೇ ಗುರುತು ಹಾಕಿ. ಗಂಡನ ಹೆಸರು ಕೇಳಿದರೆ ಹಳ್ಳಿಯ ಹಿರಿಯ ಹೆಂಗಸರು ಹೇಳುವುದಿಲ್ಲ, ಸಂಕೋಚ. ಒತ್ತಾಯ ಬೇಡ, ಜೊತೆಗೆ ಬಂದವರನ್ನು ಕೇಳಿ.

ಹಾಗಾದರೆ ಗುರುತು ಯಾವುದು? ಆಸ್ಪತ್ರೆ ಕೊಡುವ ನಂಬರ್ ಒಂದು, ಪೂರ್ತಿ ಹೆಸರು ಒಂದು. ಕನಿಷ್ಠ ಈ ಎರಡು ಪ್ರತಿ ಸಲವೂ ಹೊಂದಬೇಕು. ಹಾಸಿಗೆ ನಂಬರ್ ಗುರುತು ಅಲ್ಲವೇ ಅಲ್ಲ, ಮಧ್ಯಾಹ್ನ ಹಾಸಿಗೆ ಬದಲಾಗುತ್ತದೆ. ಆಭಾ ನಂಬರ್ ಇದ್ದರೆ ಅದನ್ನೂ ಸೇರಿಸಿ. 14 ಅಂಕಿಯ ಈ ಆರೋಗ್ಯ ಗುರುತಿನ ನಂಬರ್ 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನದು. ಇದು ಅವರವರ ಇಷ್ಟ, ಇಲ್ಲ ಅಂದವರನ್ನು ವಾಪಸ್ ಕಳಿಸುವಂತಿಲ್ಲ.

ಒಂದೇ ಹೆಸರಿನ ಇಬ್ಬರು ಒಂದೇ ಹೊತ್ತಿಗೆ ದಾಖಲಾದರೆ ಇಬ್ಬರ ಫೈಲಿನಲ್ಲೂ, ಕೈಪಟ್ಟಿಯಲ್ಲೂ "ಹೆಸರು ಎಚ್ಚರ" ಅಂತ ಗುರುತು ಹಾಕಿ, ಸಾಧ್ಯವಾದರೆ ಬೇರೆ ಬೇರೆ ಕಡೆ ಮಲಗಿಸಿ. ನಮ್ಮ ಲಕ್ಷ್ಮಮ್ಮಂದಿರ ಪ್ರಕರಣ ಆದ ಮೇಲೆ ನಾವು ಮೊದಲು ಮಾಡಿದ ಬದಲಾವಣೆ ಇದು.

ಹುಟ್ಟಿದ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹೆಸರಿಟ್ಟಿರುವುದಿಲ್ಲ, "ಬೇಬಿ ಆಫ್ ಸವಿತಾ" ಅಂತ ಬರೆಯುತ್ತೇವೆ. ಅದೇ ದಿನ ಇನ್ನೊಬ್ಬ ಸವಿತಾಗೆ ಹೆರಿಗೆಯಾದರೆ? ಅವಳಿ ಮಕ್ಕಳಾದರೆ? ತಾಯಿಯ ಆಸ್ಪತ್ರೆ ನಂಬರ್, ಹುಟ್ಟಿದ ಹೊತ್ತು, ಗಂಡೋ ಹೆಣ್ಣೋ, ಅವಳಿಯಾದರೆ ಒಂದು ಎರಡು ಅಂತ ಎಲ್ಲವೂ ಹೆಸರಿನ ಜಾಗದಲ್ಲೇ ಕಾಣುವ ಹಾಗೆ ಇರಲಿ.

ಹೆಜ್ಜೆ 2: "ಆಗಿಬರಲ್ಲ" ಅಂದರೆ ಏನು ಅಂತ ಬಿಡಿಸಿ ಕೇಳಿ

ಅಲರ್ಜಿ ಇದೆಯಾ ಅಂತ ಕೇಳಿದರೆ ಜನ "ಇಲ್ಲ" ಅನ್ನುತ್ತಾರೆ, ಆ ಪದವೇ ಅವರದ್ದಲ್ಲ. "ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈಮೇಲೆ ದದ್ದು ಎದ್ದಿತ್ತಾ, ಮುಖ ಊದಿತ್ತಾ, ಉಸಿರು ಕಟ್ಟಿತ್ತಾ?" ಅಂತ ಕೇಳಿ. ಇನ್ನು ಕೆಲವರು ತಾವಾಗಿಯೇ "ಆ ಮಾತ್ರೆ ನಮಗೆ ಆಗಿಬರಲ್ಲ" ಅನ್ನುತ್ತಾರೆ. ಅದು ಹೊಟ್ಟೆ ಉರಿಯೂ ಇರಬಹುದು, ಹೀಟ್ ಆಗುತ್ತೆ ಅನ್ನುವ ನಂಬಿಕೆಯೂ ಇರಬಹುದು, ಜೀವಕ್ಕೆ ಕುತ್ತು ತಂದ ಪೆನ್ಸಿಲಿನ್ ಅಲರ್ಜಿಯೂ ಇರಬಹುದು. ಸುಮ್ನೆ "ಅಲರ್ಜಿ" ಅಂತ ಟಿಕ್ ಮಾಡಿದರೆ ಮೂರೂ ಒಂದೇ ಆಗಿಬಿಡುತ್ತವೆ. ಯಾವ ಔಷಧ, ಏನಾಯಿತು, ಯಾವಾಗ, ಯಾರು ಹೇಳಿದರು, ಈ ನಾಲ್ಕನ್ನೂ ಬರೆಯಿರಿ.

ಖಾಲಿ ಬಿಡುವುದು ಬೇರೆ, "ಅಲರ್ಜಿ ಇಲ್ಲ" ಅನ್ನುವುದು ಬೇರೆ. ಖಾಲಿ ಅಂದರೆ ಯಾರೂ ಕೇಳಿಲ್ಲ ಅಂತ. ಕೇಳಿ ಇಲ್ಲ ಅಂದರೆ ಹಾಗೇ ನಮೂದಿಸಿ. ರೋಗಿ ಪ್ರಜ್ಞೆಯಲ್ಲಿ ಇರಲಿಲ್ಲ ಅಂದರೆ "ಕೇಳಲು ಆಗಲಿಲ್ಲ" ಅಂತ ಬರೆದು, ಮನೆಯವರು ಬಂದ ತಕ್ಷಣ ತುಂಬಿಸಿ.

ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೂ ಹೀಗೇ. "ಬಿಪಿದು, ಬಿಳೀ ಮಾತ್ರೆ, ಸಣ್ಣದು" ಅಂದರೆ ಏನೂ ತಿಳಿಯುವುದಿಲ್ಲ. ಮಾತ್ರೆಯ ಕವರ್ ಸಮೇತ ತರಲು ಹೇಳಿ, ಸ್ಟ್ರಿಪ್ ನೋಡಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಟೈಪ್ ಮಾಡಿ. ನಾಟಿ ಔಷಧ, ಆಯುರ್ವೇದದ ಪುಡಿ ಇದ್ದರೆ ಅದನ್ನೂ ಕೇಳಿ. ಬೈಯುತ್ತಾರೆ ಅನ್ನುವ ಹೆದರಿಕೆಗೆ ಜನ ಇದನ್ನು ಮುಚ್ಚಿಡುತ್ತಾರೆ, ನಗುತ್ತಾ ಕೇಳಿದರೆ ಹೇಳುತ್ತಾರೆ.

ಹೆಜ್ಜೆ 3: ಔಷಧ ಬರೆಯುವಾಗ ಕಣ್ಣು ಪರದೆಯ ಮೇಲಿರಲಿ

ಡ್ರಾಪ್‌ಡೌನ್ ಪಟ್ಟಿಯಲ್ಲಿ ಮೊದಲ ಮೂರು ಅಕ್ಷರ ಹೊಡೆದು ಎಂಟರ್ ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯದು, ಮೆಟ್ರೊನಿಡಜೋಲ್ ಸೋಂಕಿನದು, ಪಟ್ಟಿಯಲ್ಲಿ ಎರಡೂ ಹತ್ತಿರ ಹತ್ತಿರ ಕೂತಿರುತ್ತವೆ. ಕನಿಷ್ಠ ಐದಾರು ಅಕ್ಷರ ಹೊಡೆಯಿರಿ, ಆಯ್ಕೆ ಮಾಡಿದ ಮೇಲೆ ಪೂರ್ತಿ ಸಾಲನ್ನು ಒಮ್ಮೆ ಓದಿ.

ದಿನಕ್ಕೋ ವಾರಕ್ಕೋ ಅನ್ನುವುದನ್ನು ಎರಡೆರಡು ಸಲ ನೋಡಿ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ತಪ್ಪಿ ದಿನಾ ನುಂಗಿ ಸತ್ತವರಿದ್ದಾರೆ, ಪ್ರಪಂಚದ ಹಲವು ಕಡೆ ಇದು ದಾಖಲಾಗಿರುವ ತಪ್ಪು. ಸಾಫ್ಟ್‌ವೇರ್ ತಾನಾಗಿಯೇ "ದಿನಕ್ಕೊಮ್ಮೆ" ಅಂತ ತುಂಬುವ ಹಾಗಿದ್ದರೆ ಈ ಔಷಧಕ್ಕೆ ಅದನ್ನು ಬದಲಾಯಿಸಲು ಕಂಪನಿಯವರಿಗೆ ಹೇಳಿ. ಚೀಟಿಯಲ್ಲಿ ಕನ್ನಡದಲ್ಲಿ "ಸೋಮವಾರ ಮಾತ್ರ" ಅಂತ ಅಚ್ಚಾಗಲಿ.

ಅಂಕಿಗಳ ವಿಷಯದಲ್ಲಿ ಒಂದೆರಡು ಮಾತು. 1 ಮಿಲಿಗ್ರಾಂ ಅನ್ನು 1.0 ಅಂತ ಬರೆಯಬೇಡಿ, ಚುಕ್ಕೆ ಕಾಣದಿದ್ದರೆ 10 ಆಗುತ್ತದೆ. ಅರ್ಧವನ್ನು 0.5 ಅಂತ ಸೊನ್ನೆ ಹಾಕಿಯೇ ಬರೆಯಿರಿ, ಬರೀ .5 ಇದ್ದರೆ 5 ಆಗುತ್ತದೆ. ಇನ್ಸುಲಿನ್‌ಗೆ "ಯೂನಿಟ್" ಅಂತ ಪೂರ್ತಿ ಪದ ಇರಲಿ. U ಅಂತ ಒಂದೇ ಇಂಗ್ಲಿಷ್ ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 4 ಹೋಗಿ 40 ಆಗುತ್ತದೆ. ಥೈರಾಯ್ಡ್ ಮಾತ್ರೆಯ ಲೆಕ್ಕ ಮೈಕ್ರೋಗ್ರಾಂನಲ್ಲಿ, ಮಿಲಿಗ್ರಾಂ ಅಲ್ಲ. ಮಕ್ಕಳ ತೂಕವನ್ನು ಅವತ್ತೇ ತೂಗಿ ಕಿಲೋದಲ್ಲಿ ಹಾಕಿ, ಹೋದ ಸಲದ ತೂಕ ನೋಡಿ ಡೋಸ್ ಲೆಕ್ಕ ಹಾಕಬೇಡಿ.

ಹೆಜ್ಜೆ 4: ನಿನ್ನೆಯದನ್ನು ಇವತ್ತಿಗೆ ಅಂಟಿಸಬೇಡಿ

ಕಾಪಿ ಪೇಸ್ಟ್ ಅನುಕೂಲವೇ ಹೌದು, ರಾತ್ರಿ ಹನ್ನೆರಡಕ್ಕೆ ಇಪ್ಪತ್ತು ಕೇಸ್ ಶೀಟ್ ಬರೆಯುವ ಡ್ಯೂಟಿ ಡಾಕ್ಟರ್‌ಗೆ ಬೇರೆ ದಾರಿ ಕಾಣುವುದಿಲ್ಲ. ಆದರೆ "ಕಾಲಿನಲ್ಲಿ ಊತ ಇಲ್ಲ" ಅನ್ನುವ ಸಾಲು ಐದು ದಿನ ಹಾಗೇ ಮುಂದೆ ಹೋಗಿ, ಆರನೇ ದಿನ ನೋಡಿದರೆ ಕಾಲು ಮೂರನೇ ದಿನದಿಂದಲೇ ಊದಿರುತ್ತದೆ. ಉದ್ದಕ್ಕೆ ಬರೆಯಬೇಕಾಗಿಲ್ಲ. ಇವತ್ತು ನೋಡಿದ್ದು ಎರಡೇ ಸಾಲಾದರೂ ಇವತ್ತಿನದೇ ಇರಲಿ.

ತಡವಾಗಿ ಬರೆದರೆ ತಡವಾಗಿ ಬರೆದದ್ದು ಅಂತ ಹೇಳಿ: ಆದ ಹೊತ್ತು ಒಂದು, ಬರೆದ ಹೊತ್ತು ಒಂದು. ಮಧ್ಯರಾತ್ರಿ ದಾಟಿದಾಗ ತಾರೀಕು ಬದಲಾಗುತ್ತದೆ, ಇದರಿಂದ ಆ್ಯಂಟಿಬಯಾಟಿಕ್ ಎರಡು ಸಲ ಕೊಟ್ಟಂತೆಯೂ, ಕೊಡದೇ ಬಿಟ್ಟಂತೆಯೂ ಕಾಣುತ್ತದೆ. 24 ಗಂಟೆಯ ಲೆಕ್ಕದಲ್ಲಿ ಬರೆದರೆ ಬೆಳಗಿನದೋ ರಾತ್ರಿಯದೋ ಅನ್ನುವ ಗೊಂದಲವೂ ಇರುವುದಿಲ್ಲ.

ಹೆಜ್ಜೆ 5: ತಪ್ಪಾದರೆ ಅಳಿಸಬೇಡಿ, ತಿದ್ದಿ

ಕೈಬರಹದ ಕಾಲದಲ್ಲಿ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕುತ್ತಿದ್ದರು. ಕಂಪ್ಯೂಟರಿನಲ್ಲೂ ಅದೇ. ಹಳೆಯದು ಕಾಣಬೇಕು, ಯಾರು, ಯಾವಾಗ, ಯಾಕೆ ತಿದ್ದಿದರು ಅನ್ನುವುದೂ ಕಾಣಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ತಂದು 2016ರಲ್ಲಿ ಪರಿಷ್ಕರಿಸಿದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಮಾನದಂಡಗಳ ಆಶಯವೂ ಇದೇ. ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಮಾರುವವರ ಎದುರಿಗೇ ಒಂದು ಎಂಟ್ರಿ ತಿದ್ದಿ, "ಹಳೆಯದು ಎಲ್ಲಿದೆ ತೋರಿಸಿ" ಅಂತ ಕೇಳಿ. ತೋರಿಸಲು ಆಗದಿದ್ದರೆ ಆ ಸಾಫ್ಟ್‌ವೇರ್ ಬೇಡ.

ಎರಡು ಫೈಲ್ ಒಬ್ಬರದ್ದೇ ಅಂತ ಸೇರಿಸುವಾಗ ಒಬ್ಬರೇ ತೀರ್ಮಾನ ಮಾಡಬಾರದು. ಇಬ್ಬರು ಕೂತು, ರೋಗಿಗೂ ಫೋನ್ ಮಾಡಿ ಕೇಳಿ, ಆಮೇಲೆ ಸೇರಿಸಿ. ಬೇರೆ ಬೇರೆ ಇರುವ ಎರಡು ಫೈಲ್ ಹುಡುಕಬಹುದು, ತಪ್ಪಾಗಿ ಒಂದಾದ ಇಬ್ಬರನ್ನು ಬಿಡಿಸುವುದು ನರಕ.

ರಕ್ತದ ಮಾದರಿಗೂ ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಹೆಸರಿನ ಚೀಟಿಯನ್ನು ಟ್ಯೂಬಿಗೆ ಅಂಟಿಸುವುದು ರೋಗಿಯ ಪಕ್ಕದಲ್ಲೇ, ರಕ್ತ ತೆಗೆದ ಕೂಡಲೇ ಆಗಬೇಕು. ಐದು ಟ್ಯೂಬ್ ತಂದು ಲ್ಯಾಬಿನ ಮೇಜಿನ ಮೇಲೆ ಚೀಟಿ ಅಂಟಿಸಿದ್ದರಿಂದಲೇ ನಮ್ಮ ಲಕ್ಷ್ಮಮ್ಮಂದಿರು ಅದಲು ಬದಲಾದರು.

ಹೆಜ್ಜೆ 6: ಯಾರಿಗೆ ಯಾವ ಬಾಗಿಲು

ಈಗ ಭದ್ರತೆಗೆ ಬರೋಣ. ಭದ್ರತೆ ಅಂದರೆ ಕಳ್ಳರ ವಿಷಯ, ಚಿಕಿತ್ಸೆಗೂ ಅದಕ್ಕೂ ಏನು ಸಂಬಂಧ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಣ್ಣ ಊರಿನಲ್ಲಿ ಯೋಚಿಸಿ ನೋಡಿ. ಕೌಂಟರಿನಲ್ಲಿ ಕೂತವಳು ರೋಗಿಯ ಬೀದಿಯವಳೇ. ಗರ್ಭಪಾತ, ಎಚ್‌ಐವಿ, ಕುಡಿತ, ಮನಸ್ಸಿನ ಕಾಯಿಲೆಯ ಮಾತ್ರೆ, ಇದೆಲ್ಲ ಊರಿಗೆ ಗೊತ್ತಾಗುತ್ತದೆ ಅನ್ನುವ ಅನುಮಾನ ಬಂದರೆ ಜನ ಡಾಕ್ಟರ್ ಹತ್ತಿರವೂ ಸುಳ್ಳು ಹೇಳುತ್ತಾರೆ. ಆಗ ದಾಖಲೆಯೇ ಸುಳ್ಳಾಗುತ್ತದೆ. ಗುಟ್ಟು ಕಾಯದ ಕಡೆ ಸರಿಯಾದ ದಾಖಲೆ ಹುಟ್ಟುವುದೇ ಇಲ್ಲ. ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಕಡ್ಡಾಯ ಕೂಡ.

ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಲಾಗಿನ್. "ಸಿಸ್ಟರ್" ಅನ್ನುವ ಒಂದೇ ಹೆಸರಿನಲ್ಲಿ ಆರು ಜನ ಒಳಗೆ ಹೋಗುವುದು, ಪಾಸ್‌ವರ್ಡನ್ನು ಮಾನಿಟರ್ ಅಂಚಿಗೆ ಅಂಟಿಸುವುದು ಇವತ್ತೇ ನಿಲ್ಲಲಿ. ಬಿಲ್ಲಿಂಗ್‌ನವರಿಗೆ ಬಿಲ್ ಸಾಕು, ಡಾಕ್ಟರ್ ಟಿಪ್ಪಣಿ ಬೇಡ. ಲ್ಯಾಬಿನವರಿಗೆ ಟೆಸ್ಟ್ ಸಾಕು. ಕೆಲಸ ಬಿಟ್ಟವರ ಲಾಗಿನ್ ಅವತ್ತು ಸಂಜೆಯೊಳಗೆ ಮುಚ್ಚಬೇಕು. ಪರದೆ ಐದು ನಿಮಿಷಕ್ಕೆ ತಾನಾಗಿಯೇ ಲಾಕ್ ಆಗಲಿ, ಮಾನಿಟರ್ ಮುಖ ಸಾಲಿನಲ್ಲಿ ನಿಂತವರ ಕಡೆ ಇರದಿರಲಿ. ಯಾರು ಯಾರ ಫೈಲ್ ತೆರೆದರು ಅನ್ನುವ ಪಟ್ಟಿಯನ್ನು ತಿಂಗಳಿಗೊಮ್ಮೆ ಡಾಕ್ಟರ್ ನೋಡಲಿ, ನೋಡುತ್ತಾರೆ ಅನ್ನುವುದು ಎಲ್ಲರಿಗೂ ತಿಳಿದಿರಲಿ.

ವಾಟ್ಸ್ಆ್ಯಪ್ ಬಗ್ಗೆ: ಎಕ್ಸ್‌ರೇ ಫೋಟೋ ತೆಗೆದು ದೊಡ್ಡ ಡಾಕ್ಟರ್‌ಗೆ ಕಳಿಸುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಎಷ್ಟೋ ಸಲ ಜೀವ ಉಳಿದಿರುವುದು ಅದರಿಂದಲೇ. ಆದರೆ ಗ್ರೂಪಿಗೆ ಹಾಕಬೇಡಿ, ಒಬ್ಬರಿಗೇ ಕಳಿಸಿ. ಹೆಸರು ಮುಚ್ಚಿ ಆಸ್ಪತ್ರೆ ನಂಬರಿನ ಕೊನೆಯ ನಾಲ್ಕು ಅಂಕಿ ಇಡಿ. ಅವರು ಕೊಟ್ಟ ಸಲಹೆಯನ್ನು ಫೈಲಿನಲ್ಲಿ ಹೊತ್ತಿನ ಸಮೇತ ಬರೆದು, ಫೋಟೋವನ್ನು ಫೋನಿನಿಂದ ಅಳಿಸಿ. ಸಲಹೆ ವಾಟ್ಸ್ಆ್ಯಪ್‌ನಲ್ಲೇ ಉಳಿದರೆ ಮುಂದಿನ ಪಾಳಿಯವರಿಗೆ ಅದು ಇಲ್ಲವೇ ಇಲ್ಲ.

ಹೆಜ್ಜೆ 7: ಯಂತ್ರ, ಬ್ಯಾಕಪ್, ಕರೆಂಟ್

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ, ದಾಖಲೆಗಳಿಗೇ ಬೀಗ ಹಾಕುವ ಥರದ ಸೈಬರ್ ದಾಳಿಯಾಯಿತು. ಐದು ಸರ್ವರ್‌ಗಳು ಸಿಕ್ಕಿಬಿದ್ದವು. ನೋಂದಣಿ, ಲ್ಯಾಬ್, ಬಿಲ್ಲಿಂಗ್ ಎಲ್ಲ ದಿನಗಟ್ಟಲೆ ಕಾಗದದ ಮೇಲೆ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ಬೇರೆ ಬೇರೆ ಭಾಗ ಮಾಡಿರಲಿಲ್ಲ ಅಂತ ಸರ್ಕಾರ ಸಂಸತ್ತಿಗೆ ಹೇಳಿತು. ನಮ್ಮ ಅಳತೆಗೆ ಇದರ ಅರ್ಥ ಇಷ್ಟು: ರೋಗಿಗಳ ಮನೆಯವರಿಗೆ ಕೊಡುವ ವೈಫೈ ಬೇರೆ, ದಾಖಲೆಯ ಕಂಪ್ಯೂಟರ್ ಇರುವ ಜಾಲ ಬೇರೆ ಇರಬೇಕು. ಆ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಬೇಡ, ಯಾರದೋ ಪೆನ್‌ಡ್ರೈವ್ ಬೇಡ, ಕದ್ದ ವಿಂಡೋಸ್ ಖಂಡಿತ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಕೌಂಟರಿನಲ್ಲಿ ಇನ್ನೂ ಅದೇ ಓಡುತ್ತಿದೆಯಾ ನೋಡಿ. ಸಾಫ್ಟ್‌ವೇರ್ ಕಂಪನಿಯವರು ದೂರದಿಂದ ಒಳಬರಲು ಬಳಸುವ ಆ್ಯಪ್ ಇಡೀ ದಿನ ತೆರೆದಿರಬಾರದು. ಅವರು ಫೋನ್ ಮಾಡಿದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ.

ಬ್ಯಾಕಪ್ ಮೂರು ಪ್ರತಿ ಇರಲಿ, ಎರಡು ಬೇರೆ ಥರದ ಜಾಗದಲ್ಲಿ, ಒಂದು ಆಸ್ಪತ್ರೆಯ ಹೊರಗೆ. ಒಂದಾದರೂ ಕಂಪ್ಯೂಟರಿನಿಂದ ಬಿಚ್ಚಿಟ್ಟದ್ದಾಗಿರಬೇಕು, ಇಲ್ಲದಿದ್ದರೆ ದಾಳಿ ಮಾಡಿದವರು ಅದನ್ನೂ ಬೀಗ ಹಾಕುತ್ತಾರೆ. ಡಿಸ್ಕ್ ಕಳೆದುಹೋದರೂ ಓದಲು ಬಾರದ ಹಾಗೆ ಎನ್‌ಕ್ರಿಪ್ಟ್ ಮಾಡಿ. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ನಾಲ್ಕೈದು ಫೈಲ್ ವಾಪಸ್ ತೆಗೆದು ನೋಡಿ. ವರ್ಷಗಟ್ಟಲೆ ಬ್ಯಾಕಪ್ ಆಗುತ್ತಿದೆ ಅಂತ ನಂಬಿಕೊಂಡು, ತೆರೆದಾಗ ಖಾಲಿ ಫೋಲ್ಡರ್ ಸಿಕ್ಕ ಕಡೆ ನಾನು ಇದ್ದೆ.

ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ, ಮಳೆಗಾಲದಲ್ಲಿ ಎರಡೂ ಒಟ್ಟಿಗೆ. ಬೆಳಿಗ್ಗೆ ಮತ್ತು ಸಂಜೆ ವಾರ್ಡಿನಲ್ಲಿ ಇರುವವರ ಪಟ್ಟಿ, ಅವರ ಅಲರ್ಜಿ, ನಡೆಯುತ್ತಿರುವ ಔಷಧ ಇಷ್ಟನ್ನು ಪ್ರಿಂಟ್ ಮಾಡಿ ಸಿಸ್ಟರ್ ಡ್ರಾಯರಿನಲ್ಲಿ ಇಡಿ, ಹಳೆಯದನ್ನು ಹರಿದು ಹಾಕಿ. ಖಾಲಿ ಫಾರಂಗಳ ಒಂದು ಕಟ್ಟೂ ಅಲ್ಲೇ ಇರಲಿ. ಕರೆಂಟ್ ಬಂದ ಮೇಲೆ ಅದನ್ನೆಲ್ಲ ಯಾರು ಟೈಪ್ ಮಾಡಬೇಕು ಅನ್ನುವುದು ಮೊದಲೇ ಹೆಸರು ಹೇಳಿ ನಿಗದಿಯಾಗಿರಲಿ.

ಹೆಜ್ಜೆ 8: ಕಾನೂನು, ಚಿಕ್ಕದಾಗಿ

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ಪೊಲೀಸ್ ಕೇಸ್ ಇದ್ದರೆ ಕೇಸ್ ಮುಗಿಯುವವರೆಗೂ ಇಡಿ. ದತ್ತಾಂಶ ಸೋರಿದರೆ, ದಾಳಿಯಾದರೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಇದು 2022ರ ಏಪ್ರಿಲ್‌ನ ನಿರ್ದೇಶನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದಾಳಿಯಾದ ಕಂಪ್ಯೂಟರಿನ ನೆಟ್ ಕೇಬಲ್ ತಕ್ಷಣ ಕೀಳಿ, ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಕೆಲಸವನ್ನು ಕಾಗದದ ಮೇಲೆ ಮುಂದುವರಿಸಿ.

ಹೆಜ್ಜೆ 9: ಶುಕ್ರವಾರದ ಹತ್ತು ಫೈಲ್

ವಾರಕ್ಕೊಮ್ಮೆ, ಒಂದು ಗಂಟೆ. ದಾಖಲಾಗಿರುವವರಲ್ಲಿ ಯಾವುದಾದರೂ ಹತ್ತು ಜನರ ಫೈಲ್ ತೆರೆದು, ಲ್ಯಾಪ್‌ಟಾಪೋ ಪ್ರಿಂಟೋ ಹಿಡಿದುಕೊಂಡು ಅವರ ಹಾಸಿಗೆ ಹತ್ತಿರವೇ ಹೋಗಿ. ಹೆಸರು, ಊರು, ಅಲರ್ಜಿ, ತೂಕ, ನುಂಗುತ್ತಿರುವ ಮಾತ್ರೆ ಎಲ್ಲ ಹೊಂದುತ್ತದಾ ನೋಡಿ. ಮನೆಯವರಿಗೆ ಡಿಸ್ಚಾರ್ಜ್ ಸಮ್ಮರಿ ಕೊಡುವಾಗಲೂ ಎದುರಿಗೇ ಕನ್ನಡದಲ್ಲಿ ಓದಿ ಹೇಳಿ. "ಅಲ್ಲ ಸಾರ್, ಆಪರೇಷನ್ ಆಗಿದ್ದು ಎಡಗಣ್ಣಿಗೆ" ಅಂತ ರೋಗಿಯ ಮಗಳು ಹಾಗೆ ಓದುವಾಗಲೇ ಒಮ್ಮೆ ನನ್ನನ್ನು ತಿದ್ದಿದ್ದಳು.

ಸಿಕ್ಕ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರು ಮಾಡಿದರು ಅನ್ನುವುದು ಬೇಡ, ಎಲ್ಲಿ ಹುಟ್ಟಿತು ಅನ್ನುವುದು ಬೇಕು. ಹೆಸರು ಹಿಡಿದು ಬೈದರೆ ಮುಂದಿನ ವಾರದಿಂದ ಯಾರೂ ತಪ್ಪು ತೋರಿಸುವುದಿಲ್ಲ. ನಮ್ಮಲ್ಲಿ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಟ್ಯೂಬಿನ ಚೀಟಿ, ಅದನ್ನು ಬರೆಸಿದ್ದು ಗ್ಲುಕೋಮೀಟರ್ ಹಾಕಿ ನೋಡಿದ ಆ ಸಿಸ್ಟರ್.